ಅಂಗಳಕ್ಕೆ ಬಂದ ಯೆಜ್ಡಿ

ಕೈಗಾರಿಕೆಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಕಾರ್ಖಾನೆಯ ಹೆಬ್ಬಾಗಿಲಿನಲ್ಲೇ ನಿಂತುಬಿಡುತ್ತಾರೆ. ಮೈಸೂರಿನ ಐಡಿಯಲ್ ಜಾವಾ ಕಂಪನಿಯ ವಿಷಯದಲ್ಲಿಯೂ ಹೀಗೆಯೇ: 1960ರಲ್ಲಿ ಸ್ಥಾಪನೆ, ಮರುವರ್ಷ ಉತ್ಪಾದನೆ, 1996ರಲ್ಲಿ ಬೀಗಮುದ್ರೆ. ಆ ಬಾಗಿಲಿನಿಂದ ಹೊರಟ ಗಾಡಿಗಳು ಊರೂರುಗಳಲ್ಲಿ ಬಿದ್ದದ್ದು, ಎದ್ದದ್ದು, ಮನೆಯಂಗಳದಲ್ಲಿ ರಿಪೇರಿಯಾದದ್ದು ಈ ಲೆಕ್ಕಕ್ಕೆ ಸೇರುವುದಿಲ್ಲ. ಆ ಭಾಗವನ್ನು ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆಯಿಂದ ಹೇಳಬೇಕೆಂದು ನನ್ನ ಆಸೆ. ನಾನು ಹಳಗನ್ನಡ ಪಾಠ ಹೇಳಿ ನಿವೃತ್ತನಾದವನು. ಯಂತ್ರಶಾಸ್ತ್ರಕ್ಕೂ ನನಗೂ ದೂರ. ಆದರೆ ಬಿದ್ದವನಿಗೆ ಮಾತನಾಡುವ ಅಧಿಕಾರವುಂಟಷ್ಟೆ.

ಜಾವಾ ಎಂಬ ಹೆಸರಿಗೂ ಆ ಹೆಸರಿನ ದ್ವೀಪಕ್ಕೂ ಸಂಬಂಧವಿಲ್ಲ. ಚೆಕೊಸ್ಲೊವಾಕಿಯದ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ತಯಾರಿಕೆಯ ಹಕ್ಕನ್ನು ಕೊಂಡಾಗ, ಎರಡು ಹೆಸರುಗಳ ಮೊದಲ ಅಕ್ಷರಗಳು ಕೂಡಿ ಹುಟ್ಟಿದ ಪದವದು. ನಮ್ಮ ವೈಯಾಕರಣರು ಕಂಡಿದ್ದರೆ ಇದು ಯಾವ ಸಮಾಸವೆಂದು ಜಗಳವಾಡುತ್ತಿದ್ದರು. ಮೈಸೂರಿಗೆ ಅದನ್ನು ತಂದವರು ಇರಾನಿ ಮನೆತನದವರು. 1970ರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂದಿತು. ಇರಾನಿನ ಯಜ್ದ್ ಪಟ್ಟಣದ ನೆನಪು ಅದರಲ್ಲಿದೆ. ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಕಿಕ್ ಹೊಡೆಯುವುದಕ್ಕೂ ಗೇರ್ ಹಾಕುವುದಕ್ಕೂ ಎಡಗಾಲಿನ ಬಳಿ ಒಂದೇ ಲಿವರ್.

ನಮ್ಮ ಸೀಮೆಗೆ ಈ ಗಾಡಿ ಬೇಕಾಗಿತ್ತು. 1926ರಲ್ಲಿ ರೈಲು ಚಾಮರಾಜನಗರವನ್ನು ಮುಟ್ಟಿತು. ಗುಂಡ್ಲುಪೇಟೆಯನ್ನು ಮುಟ್ಟಲೇ ಇಲ್ಲ. 1997ರಲ್ಲಿ ಹೊಸ ಜಿಲ್ಲೆಯಾಗುವವರೆಗೆ ಎರಡೂ ತಾಲ್ಲೂಕುಗಳು ಮೈಸೂರು ಜಿಲ್ಲೆಗೇ ಸೇರಿದ್ದುವು. ಗಾಡಿ ಹುಟ್ಟಿದ ಊರೇ ಜಿಲ್ಲಾ ಕೇಂದ್ರ. ಬೆಳಗಿನ ಬಸ್ಸಿನಲ್ಲಿ ಚೀಟಿ ಕಳುಹಿಸಿದರೆ ಸಂಜೆಯ ಬಸ್ಸಿನಲ್ಲಿ ಕ್ಲಚ್ ಕೇಬಲ್ ಬಂದಿಳಿಯುತ್ತಿತ್ತು.

ನಾನು ಗುಂಡ್ಲುಪೇಟೆಯಲ್ಲಿದ್ದುಕೊಂಡು ಸುಮಾರು 35 ಕಿ.ಮೀ. ದೂರದ ಚಾಮರಾಜನಗರಕ್ಕೆ ಪಾಠಕ್ಕೆ ಹೋಗಿಬರುತ್ತಿದ್ದ ಕಾಲ, 1986 ಇರಬೇಕು. ಸುಗ್ಗಿಯಲ್ಲಿ ನಮ್ಮ ಕಡೆ ಡಾಂಬರು ರಸ್ತೆಯೇ ಕಣ. ಹುರುಳಿಯನ್ನು ಹರಡಿಬಿಟ್ಟರೆ ಲಾರಿ, ಬಸ್ಸುಗಳೇ ಒಕ್ಕಣೆ ಮಾಡುತ್ತವೆ. ತೆರಕಣಾಂಬಿ ದಾಟಿದ ಮೇಲೆ ಅಂಥದೊಂದು ಹುರುಳಿ ಹಾಸಿನ ಮೇಲೆ ಬ್ರೇಕ್ ಹಾಕಿದೆ. ಗಾಡಿ ಎಡಕ್ಕೆ ಮಲಗಿತು. ನನಗೆ ಮೊಣಕೈ ತರೆದದ್ದು ಬಿಟ್ಟರೆ ಏನೂ ಆಗಲಿಲ್ಲ. ಗಾಡಿಗೆ ಕ್ಲಚ್ ಲಿವರ್ ಮುರಿದಿತ್ತು, ಫುಟ್‌ರೆಸ್ಟ್ ಮೇಲಕ್ಕೆ ಮಡಚಿಕೊಂಡಿತ್ತು, ಮಡ್‌ಗಾರ್ಡ್ ಚಕ್ರಕ್ಕೆ ಉಜ್ಜುತ್ತಿತ್ತು, ಪೆಟ್ರೋಲ್ ಟ್ಯಾಂಕಿನಲ್ಲಿ ಅಂಗೈಯಷ್ಟು ತಗ್ಗು.

ತಿಂಗಳ ಕೊನೆ. ಮನೆಯಲ್ಲೇ ಸರಿಮಾಡೋಣವೆಂದು ನಿಶ್ಚಯಿಸಿ, ನೇಗಿಲ ಗುಳ ತಟ್ಟುವ ನೆರೆಯ ಆಚಾರಿಯವರನ್ನು ಕರೆದೆ. ಮೋಟಾರ್ ವಿದ್ಯೆಯನ್ನು ಅವರು ಎಲ್ಲಿಯೂ ಕಲಿತವರಲ್ಲ, ಕಬ್ಬಿಣವನ್ನು ಬಲ್ಲವರು. ಫುಟ್‌ರೆಸ್ಟನ್ನು ಬಿಚ್ಚಿ ಕುಲುಮೆಗೆ ಒಯ್ದು ಕೆಂಪಗೆ ಕಾಯಿಸಿ ನೆಟ್ಟಗೆ ಮಾಡಿದರು. ಮಡ್‌ಗಾರ್ಡಿನ ಹೊರಮೈಗೆ ಮರಳು ಮೂಟೆಯ ಆನಿಕೆ ಕೊಟ್ಟು ಒಳಗಿನಿಂದ ಮರದ ಕೊಡತಿಯಲ್ಲಿ ಮೆಲ್ಲಮೆಲ್ಲನೆ ತಟ್ಟಿದರು. ಕಬ್ಬಿಣದ ಸುತ್ತಿಗೆ ತಗಡನ್ನು ಹಿಗ್ಗಿಸುತ್ತದೆ, ಕೊಡತಿ ಹಿಗ್ಗಿಸುವುದಿಲ್ಲ ಎಂಬುದು ಅವರ ವಿವರಣೆ. ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಸ್ಪ್ಯಾನರಿನಿಂದ ಮೀಟಿ, ಸ್ವರ ಕೆಟ್ಟ ಎರಡನ್ನು ಬಿಗಿದರು. ಟ್ಯಾಂಕಿನ ತಗ್ಗನ್ನು ಮಾತ್ರ ಮುಟ್ಟಲೊಲ್ಲರು. ಪೆಟ್ರೋಲ್ ಸುರಿದುಬಿಟ್ಟರಾಯಿತಲ್ಲ ಎಂದೆ. ಖಾಲಿ ಟ್ಯಾಂಕಿನ ಆವಿಯೇ ಹೆಚ್ಚು ಅಪಾಯ, ಬೆಂಕಿಯ ಬಳಿ ತರಬೇಡಿ ಎಂದರು.

ಕೊನೆಗೆ ಉಳಿದದ್ದು ಮುಂಚಕ್ರ. ಹ್ಯಾಂಡಲ್ ನೇರ ಹಿಡಿದರೆ ಚಕ್ರ ಎಡಕ್ಕೆ ನೋಡುತ್ತಿತ್ತು. ಚಕ್ರವನ್ನು ಮೊಣಕಾಲುಗಳ ನಡುವೆ ಇರುಕಿಕೊಂಡು ಹ್ಯಾಂಡಲನ್ನು ತಿರುಚಿದೆ, ನೇರವಾಯಿತೆಂದು ಹಿಗ್ಗಿದೆ. ಆಚಾರಿ ಒಪ್ಪಲಿಲ್ಲ. ಫೋರ್ಕಿನ ಕೊಳವೆಗಳನ್ನು ಬಿಚ್ಚಿಸಿ, ಮನೆಯೊಳಗಿನ ನಿಲುಗನ್ನಡಿ ತರಿಸಿ, ಅಂಗಳದಲ್ಲಿ ಮಟ್ಟಸವಾಗಿ ಮಲಗಿಸಿ, ಅದರ ಮೇಲೆ ಕೊಳವೆಯನ್ನು ಉರುಳಿಸಿದರು. ಒಂದು ಸರಾಗವಾಗಿ ಉರುಳಿತು. ಇನ್ನೊಂದು ಕುಂಟಿತು; ಅದಕ್ಕೂ ಕನ್ನಡಿಗೂ ನಡುವೆ ಕೂದಲೆಳೆಯಷ್ಟು ಬೆಳಕು.

"ಇಷ್ಟೇ ತಾನೆ, ಎರಡು ಏಟು ಹಾಕಿ ಆಚಾರ್ರೇ," ಎಂದೆ. ನನಗೆ ನೂರು ರೂಪಾಯಿಯ ಚಿಂತೆ.

"ಗುದ್ದುದ್ರ ಕಣ್ಣಿಗೆ ನೆಟ್ಟಗಾಯ್ತದ ಮೇಷ್ಟ್ರೇ. ಒಳ್ಗ ಬಿರುಕು ಬಿಟ್ರ ಯಾರ್ಗ ಕಾಣ್ತದ? ಹಿಂದ ಅಮ್ಮಾವ್ರು ಕೂತ್ಕತಾರ."

ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಮಾತಾಡಲಿಲ್ಲ, ಕನ್ನಡಿಯನ್ನು ಒರೆಸಿ ಒಳಕ್ಕೆ ಒಯ್ದಳು. ಎರಡು ದಿನ ನಾನು ಬಸ್ಸಿನಲ್ಲಿ ಪಾಠಕ್ಕೆ ಹೋದೆ. ಮೂರನೆಯ ದಿನ ಮೈಸೂರಿನಿಂದ ಹೊಸ ಕೊಳವೆ ಬಂದಿತು.

ಮನೆಯ ರಿಪೇರಿಯೆಂದರೆ ಬಡವರ ಉಪಾಯ, ಹೇಗೋ ನಡೆಸಿಕೊಂಡು ಹೋಗುವುದು ಎಂದು ನಮ್ಮ ವಿದ್ವಾಂಸರು ಬರೆಯುತ್ತಾರೆ, ನಾನು ಒಪ್ಪಲಾರೆ. ಆ ಅಂಗಳದಲ್ಲಿ ಹೇಗೋ ನಡೆಸಲು ಹೊರಟವನು ಎಂ.ಎ. ಮಾಡಿದ ನಾನು. ಯಾವುದನ್ನು ತಟ್ಟಬಹುದು, ಯಾವುದನ್ನು ಕೂಡದು ಎಂಬ ಗೆರೆಯನ್ನು ಎಳೆದವರು ಆಚಾರಿ. ಜಪಾನಿ ಮಾದರಿಯ 100 ಸಿ.ಸಿ. ಗಾಡಿಗಳು 1985ರ ಅನಂತರ ಮಿತವ್ಯಯದ ಹೆಸರಿನಲ್ಲಿ ಪೇಟೆಯನ್ನು ಆಕ್ರಮಿಸಿದವು. ಮೈಸೂರಿನ ಕಾರ್ಖಾನೆ ಮುಚ್ಚಿತು. ಅನಂತರವೂ ಯೆಜ್ಡಿಗಳು ನಮ್ಮ ರಸ್ತೆಗಳಲ್ಲಿ ವರ್ಷಗಟ್ಟಲೆ ಓಡಿದುದು ಇಂಥ ಕೈಗಳಿಂದ.

ನನ್ನ ಗಾಡಿಯ ಟ್ಯಾಂಕಿನ ತಗ್ಗು ಅದನ್ನು ಮಾರುವ ದಿನದವರೆಗೂ ಹಾಗೆಯೇ ಇತ್ತು. ಬಾಗಿದ ಕೊಳವೆಯನ್ನು ಆಚಾರಿ ಎಸೆಯಲಿಲ್ಲ. ಬೇರೆಯವರ ಗಾಡಿಯ ಲೆಗ್‌ಗಾರ್ಡು ಸೊಟ್ಟಗಾಗಿ ಬಂದಾಗ ಅದನ್ನೇ ಸನ್ನೆಗೋಲಾಗಿ ಹಾಕಿ ಎತ್ತುತ್ತಿದ್ದರು.