ಆನೆಗೊಂದಿ ಹೊಳೆ ದಂಡೆ: ನಡೆಯುವ ದಾರಿ ಮಾಡುವ ಮುನ್ನ

ಭಾಗ್ಯನಗರದಿಂದ ಗಂಗಾವತಿ ದಾಟಿ ಆನೆಗೊಂದಿಗೆ ಹೋದವರಿಗೆ ತುಂಗಭದ್ರೆ ಹೊಸದಲ್ಲ. ಈ ದಂಡೆಯ ಉದ್ದಕ್ಕೂ ಜನ ನಿಸರ್ಗ ನೋಡುತ್ತ ನಡೆಯಲು ಒಂದು ದಾರಿ ಮಾಡಿದರೆ ಹೇಗೆ? ಆಸೆ ಒಳ್ಳೆಯದೇ. ಆದರೆ ಇಲ್ಲಿ ದಾರಿ ಮಾಡಲು ಹೋದವರ ಕಥೆ ಹಳೆಯದು. ಮೊದಲು ಅದನ್ನು ತಿಳಿಯೋಣ.

1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಲ್ಲಿನ ಹರಿಗೋಲು ನೋಡಿ ಬರೆದಿಟ್ಟಿದ್ದಾನೆ. ಬುಟ್ಟಿಯಂತೆ ದುಂಡಗೆ, ಬೆತ್ತದಿಂದ ಹೆಣೆದು ಹೊರಗೆ ಚರ್ಮ ಹೊದಿಸಿದ ಹರಿಗೋಲು. ಅದರಲ್ಲಿ 15–20 ಜನ ಕೂರುತ್ತಿದ್ದರು, ಬೇಕೆಂದರೆ ಕುದುರೆ, ಎತ್ತುಗಳನ್ನೂ ದಾಟಿಸುತ್ತಿದ್ದರು. ವಿಠ್ಠಲ ಗುಡಿಯ ಹತ್ತಿರ ನೀರಿನಲ್ಲಿ ನಿಂತ ಹಳೇ ಸೇತುವೆಯ ಕಲ್ಲುಕಂಬಗಳು ಇಂದಿಗೂ ಇವೆ. ವಿಜಯನಗರ ಕಾಲದ ಕಾಲುವೆಗಳು ಇಂದಿಗೂ ಆನೆಗೊಂದಿ, ಗಂಗಾವತಿ ಕಡೆಯ ಗದ್ದೆಗಳಿಗೆ ನೀರು ಕೊಡುತ್ತಿವೆ.

ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಆನೆಗೊಂದಿ ಜನಕ್ಕೆ ಬೇಕಾಗಿದ್ದು ಸೇತುವೆ. ಆಸ್ಪತ್ರೆ, ಶಾಲೆ, ಸಂತೆ ಎಲ್ಲದಕ್ಕೂ ಹೊಳೆ ದಾಟಬೇಕಿತ್ತು. ತಳವಾರಘಟ್ಟದ ಬಳಿ ಸೇತುವೆ ಕೆಲಸ ಶುರುವಾಯಿತು. ಸ್ಮಾರಕಗಳ ನಡುವೆ ಅದು ಬರುತ್ತದೆ, ವಾಹನ ಸಂಚಾರ ಹೆಚ್ಚುತ್ತದೆ ಎಂಬ ಆತಂಕದಿಂದ ಯುನೆಸ್ಕೊ 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. 2006ರಲ್ಲಿ ಆ ಪಟ್ಟಿಯಿಂದ ಹೆಸರು ತೆಗೆಯಿತು. 2009ರ ಜನವರಿಯಲ್ಲಿ ಕೆಲಸ ನಡೆಯುತ್ತಿದ್ದಾಗಲೇ ಸೇತುವೆ ಕುಸಿದು ಕಾರ್ಮಿಕರು ಸತ್ತರು. ಮುಂದೆ ವಾಹನಗಳಿಗೆ ದಾರಿಯಾಗಿದ್ದು ಕಡೇಬಾಗಿಲು–ಬುಕ್ಕಸಾಗರ ಸೇತುವೆ.

ಊರಿನವರ ಅಗತ್ಯ ಸುಳ್ಳಲ್ಲ, ಕಲ್ಲುಗಳ ಬೆಲೆಯೂ ಸುಳ್ಳಲ್ಲ. ಎರಡನ್ನೂ ಮೊದಲೇ ಒಟ್ಟಿಗೆ ಕೂತು ಮಾತಾಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಈ ಸೇತುವೆಯೇ ಸಾಕ್ಷಿ.

ಈಗ ಹೊಳೆಗೆ ಇನ್ನೊಬ್ಬ ಹಕ್ಕುದಾರನಿದ್ದಾನೆ: ನೀರುನಾಯಿ. 2015ರಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗೆ ಸುಮಾರು 34 ಕಿ.ಮೀ. ಹೊಳೆಯನ್ನು ಸರ್ಕಾರ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ದಂಡೆಯ ಬಂಡೆಸಂದು, ಪೊದೆಗಳೇ ಅದರ ಮನೆ. ದಾರಿಗೆಂದು ಪೊದೆ ಸವರಿ ಸಿಮೆಂಟ್ ಹಾಕಿದರೆ ನೋಡಬೇಕೆಂದು ಬಂದ ಪ್ರಾಣಿಯೇ ಇರುವುದಿಲ್ಲ.

ಕರಾವಳಿಯ ಹೊನ್ನಾವರದಲ್ಲಿ ಶರಾವತಿ ಹಿನ್ನೀರಿನ ಕಾಂಡ್ಲಾ ಕಾಡಿನೊಳಗೆ ನೆಲದಿಂದ ಎತ್ತರಿಸಿದ ಹಲಗೆ ದಾರಿ ಇದೆ. ಜನ ಮೇಲೆ ನಡೆಯುತ್ತಾರೆ, ಬೇರು ಕೆಳಗೆ ಉಳಿಯುತ್ತದೆ. ಅದನ್ನೇ ಇಲ್ಲಿಗೆ ತಂದು ಹಾಕಲಾಗದು. ನಮ್ಮ ಹೊಳೆ ಅಣೆಕಟ್ಟೆಯ ಕೆಳಗಿನದು. 2024ರ ಆಗಸ್ಟ್‌ನಲ್ಲಿ 19ನೇ ಗೇಟ್ ಕೊಚ್ಚಿಹೋದಾಗ ನೀರು ಹೇಗೆ ನುಗ್ಗಿತೆಂದು ದಂಡೆಯವರಿಗೆ ಗೊತ್ತು. ಹಲಗೆ ನಿಲ್ಲುವುದಿಲ್ಲ. ಈಗಾಗಲೇ ಇರುವ ಕಾಲುದಾರಿ, ಕಾಲುವೆ ಏರಿಗಳನ್ನೇ ಬಳಸಿದರೆ ಸಾಕು. ಅಲ್ಲಿಯೂ ರೈತನ ಎತ್ತು, ಟ್ರ್ಯಾಕ್ಟರ್‌ಗೆ ಮೊದಲ ಹಕ್ಕು.

2019ರಲ್ಲಿ ಕೊಪ್ಪಳ ಗವಿಮಠದ ಸ್ವಾಮೀಜಿ ಮುಂದೆ ನಿಂತಾಗ ಹಿರೇಹಳ್ಳದ ಹೂಳು ತೆಗೆಯಲು ಊರೂರ ಜನ ಕೈಜೋಡಿಸಿದರು. ಅಂಥ ಜನ ಇರುವ ಜಿಲ್ಲೆ ನಮ್ಮದು. ಹೊಳೆ ದಂಡೆಯ ನಕ್ಷೆ ಬರೆಯುವಾಗ ಹರಿಗೋಲಿನವರು, ಮೀನುಗಾರರು, ಗದ್ದೆಯವರು ಗ್ರಾಮಸಭೆಯಲ್ಲಿ ಮೊದಲು ಮಾತಾಡಲಿ. ಗುತ್ತಿಗೆದಾರ ಆಮೇಲೆ ಬರಲಿ.