ಯಜಮಾನಿಕೆ ಹೋದ ಮೇಲಿನ ಮುಪ್ಪು

ಮುಪ್ಪಿಗೆ ಮನಸ್ಸನ್ನು ಸಿದ್ಧ ಮಾಡಿಕೊಳ್ಳಿ ಎಂದು ಇಂದು ಹಿರಿಯರಿಗೆಲ್ಲ ಬುದ್ಧಿ ಹೇಳುತ್ತೇವೆ. ಕಾಸರಗೋಡಿನ ಮಂಜೇಶ್ವರ, ಕುಂಬಳೆ ಸೀಮೆಯ ಅಳಿಯಸಂತಾನದ ಮನೆಗಳ ಚರಿತ್ರೆ ನೋಡಿದರೆ, ಆ ಸಿದ್ಧತೆಯನ್ನು ಒಬ್ಬೊಬ್ಬರ ಮನಸ್ಸಿಗೇ ಬಿಟ್ಟಿರಲಿಲ್ಲ. ಮನೆತನದ ಕಟ್ಟುಕಟ್ಟಳೆಯೇ ಅದನ್ನು ಮಾಡಿಸುತ್ತಿತ್ತು. ಬಂಟರು, ಬಿಲ್ಲವರು ಮೊದಲಾದವರಲ್ಲಿ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿಯುತ್ತಿತ್ತು. ಕುಟುಂಬದಲ್ಲಿ ಎಲ್ಲರಿಗಿಂತ ಹಿರಿಯರು ಗಂಡಾದರೆ ಯಜಮಾನ, ಹೆಣ್ಣಾದರೆ ಯಜಮಾನ್ತಿ. ಚಂದ್ರಗಿರಿ ಹೊಳೆಯ ತೆಂಕಣ, ಇದೇ ಬಗೆಯ ಮರುಮಕ್ಕತ್ತಾಯ ಪದ್ಧತಿಯ ತರವಾಡುಗಳಲ್ಲಿ (ಕೂಡುಮನೆತನಗಳಲ್ಲಿ) ಈ ಜಾಗ ಕಾರಣವರದ್ದು. ಮುಂದಿನ ಸರದಿ ಯಾರದೆಂದು ಮೊದಲೇ ಗೊತ್ತಿದ್ದುದರಿಂದ ನಡುವಯಸ್ಸಿನ ಸೋದರಳಿಯ ಮಾವನ ಬೆನ್ನಿಗೆ ನಿಂತು ಗೇಣಿಯ ಲೆಕ್ಕ, ದೈವದ ನೇಮೋತ್ಸವದ ಏರ್ಪಾಡು, ಮನೆಮಂದಿಯ ತಕರಾರಿನ ತೀರ್ಮಾನ ಎಲ್ಲವನ್ನೂ ಕಲಿಯುತ್ತಿದ್ದ. ತಲೆ ನರೆತಷ್ಟೂ ಅವನು ಹೊಣೆಗೆ ಹತ್ತಿರವಾಗುತ್ತಿದ್ದ. ಹೆಣ್ಣಿನ ವಿಷಯ ಇನ್ನೂ ಮುಖ್ಯವಾದದ್ದು: ಗಂಡ ತೀರಿಕೊಂಡರೂ ತಾಯಿಮನೆಯಲ್ಲಿ ಅವಳ ಹಕ್ಕಿಗೆ ಚ್ಯುತಿ ಇರಲಿಲ್ಲ. ವೈಧವ್ಯದ ದುಃಖದ ಜೊತೆ ನೆಲೆ ತಪ್ಪುವ ಭಯವನ್ನೂ ಹೊರಬೇಕಾದ ಸ್ಥಿತಿ ಅವಳಿಗೆ ಬರುತ್ತಿರಲಿಲ್ಲ.

ಇದು ಸಿದ್ಧತೆಯಲ್ಲ, ಬರೀ ಅಧಿಕಾರ ಎಂದು ಯಾರಾದರೂ ಹೇಳಬಹುದು. ಕೊನೆಯುಸಿರಿನ ತನಕ ಕೀಲಿಕೈ ಬಿಡದವನು ಬಿಟ್ಟುಕೊಡುವುದನ್ನು ಕಲಿತದ್ದಾದರೂ ಎಲ್ಲಿ? ಈ ಆಕ್ಷೇಪದಲ್ಲಿ ತೂಕವಿದೆ. ಕಿರಿಯರು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದು ಸುಳ್ಳಲ್ಲ; ಕುಟುಂಬದ ಹೆಣ್ಣುಸಂತತಿಯ ಕವಲುಗಳಾದ ಕವರುಗಳಿಗೆ ಪಾಲು ಕೇಳುವ ಹಕ್ಕು ಕೊಟ್ಟ 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂದದ್ದೂ ಆ ಬೇಗುದಿಯ ನಡುವೆಯೇ. ತನ್ನ ಮಕ್ಕಳಿಗೆ ಏನನ್ನೂ ಉಳಿಸಲಾರದ ತಂದೆಯ ಸಂಕಟವನ್ನೂ ಮರೆಯಬಾರದು. ಆ ವ್ಯವಸ್ಥೆ ಮರಳಿ ಬರಲಿ ಎಂದು ನಾನು ಬಯಸುವುದಿಲ್ಲ. ಆದರೆ ಅದರ ಅನ್ಯಾಯ ಇದ್ದದ್ದು ಆಸ್ತಿಯ ಹಿಡಿತದಲ್ಲಿ. ಮುಂದಿನ ವಯಸ್ಸಿನ ಕೆಲಸವನ್ನು ಹಿಂದಿನ ವಯಸ್ಸಿನಲ್ಲೇ ಕಲಿಸುವ ಕ್ರಮದಲ್ಲಿ ಅಲ್ಲ. ಇವೆರಡನ್ನೂ ಬೇರೆಬೇರೆಯಾಗಿ ನೋಡಬೇಕಿತ್ತು.

ಹಾಗೆ ನೋಡಲು ಕಾಲ ಕೂಡಿಬರಲಿಲ್ಲ. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. ಅದೇ ವರ್ಷ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಭೂಸುಧಾರಣೆಯಿಂದ ಗೇಣಿ ನಿಂತಿತು. ಕೇರಳದ ಅವಿಭಕ್ತ ಕುಟುಂಬ ರದ್ದತಿ ಕಾಯ್ದೆ 1976ರ ಡಿಸೆಂಬರ್ 1ರಿಂದ ಜಾರಿಯಾದಾಗ ಕಾಸರಗೋಡಿನ ಅಳಿಯಸಂತಾನದ ಕುಟುಂಬಗಳ ಒಟ್ಟು ಆಸ್ತಿ ಒಬ್ಬೊಬ್ಬರ ಪಾಲಾಯಿತು. ಎರಡು ದಶಕಗಳಲ್ಲಿ ಯಜಮಾನಿಕೆಯ ಬುಡವೇ ಹೋಯಿತು. ಅದು ಹೊತ್ತಿದ್ದ ಕೆಲಸವನ್ನು ಯಾರ ಹೆಗಲಿಗೂ ದಾಟಿಸಲಿಲ್ಲ. ಮಕ್ಕಳು ಗಲ್ಫಿಗೆ, ಬೆಂಗಳೂರಿಗೆ ಹೋದದ್ದು ಅದರ ಮೇಲಿನ ಹೊಡೆತ. 2011ರ ಜನಗಣತಿಯಲ್ಲಿ ಕೇರಳದ ನೂರಕ್ಕೆ ಸುಮಾರು 12.6 ಮಂದಿ ಅರವತ್ತು ದಾಟಿದವರು. ಅವರಿಗಾಗಿ ಸ್ಥಳೀಯ ಸಂಸ್ಥೆಗಳು ನಡೆಸುವ ಹಗಲುಮನೆಗಳು ಒಳ್ಳೆಯವೇ. ಅಲ್ಲಿ ಜೊತೆಗಾರರು ಸಿಗುತ್ತಾರೆ, ಹೊತ್ತು ಕಳೆಯುತ್ತದೆ. ಆದರೆ ಹಿರಿಯರ ತೀರ್ಮಾನಕ್ಕಾಗಿ ಕಾಯುವ ಕೆಲಸ ಒಂದಾದರೂ ಅಲ್ಲಿರಬೇಕಲ್ಲವೇ? ಭೂಮಿ ಹಂಚಿಕೊಂಡ ಎಷ್ಟೋ ಕುಟುಂಬಗಳು ದೈವದ ಚಾವಡಿಯನ್ನು ಮಾತ್ರ ಪಾಲು ಮಾಡದೆ ಉಳಿಸಿಕೊಂಡಿವೆ. ನೇಮದ ಹೊತ್ತಿಗೆ ಎಲ್ಲರೂ ಅಲ್ಲಿ ಕೂಡುತ್ತಾರೆ, ಹಿರಿಯರನ್ನು ಕೇಳಿಯೇ ದಿನ ಗೊತ್ತುಮಾಡುತ್ತಾರೆ. ಆಸ್ತಿಯ ಹಂಗಿಲ್ಲದೆಯೂ ಹಿರಿಯರಿಗೆ ಹೊಣೆ ಕೊಡುವ ಆ ಕ್ರಮ ನಡೆಯಬಲ್ಲದು ಎನ್ನುವುದಕ್ಕೆ ಇದೇ ಸಾಕ್ಷಿ. ಹಗಲುಮನೆ ಕಟ್ಟುವ ಪಂಚಾಯತುಗಳು ಮೊದಲು ನೋಡಬೇಕಾದದ್ದು ಈ ಚಾವಡಿಗಳನ್ನು.