ಪುಷ್ಕರಮೂಲದ ವಿಚಾರ

ಸಂಸ್ಕೃತ ವೈದ್ಯಗ್ರಂಥಗಳಿಂದ ಕನ್ನಡಕ್ಕೆ ಬಂದ ಮೂಲಿಕೆಗಳ ಹೆಸರುಗಳಲ್ಲಿ ಪುಷ್ಕರಮೂಲವೆಂಬುದು ಬಹು ವಿವಾದಕ್ಕೆ ಗುರಿಯಾದುದು. ಬಿಕ್ಕಳಿಕೆ, ಉಬ್ಬಸ, ಕೆಮ್ಮು, ಪಾರ್ಶ್ವಶೂಲೆ ಇವುಗಳನ್ನು ಪರಿಹರಿಸುವ ದ್ರವ್ಯಗಳಲ್ಲಿ ಚರಕಸಂಹಿತೆಯು ಇದಕ್ಕೆ ಅಗ್ರಸ್ಥಾನವನ್ನು ಕೊಟ್ಟಿರುವುದು. ಇದು ಐರಿಸ್ ಎಂಬ ಸಸ್ಯದ ಬೇರೆಂದು ಕೆಲವು ಗ್ರಂಥಕಾರರು ಬರೆದಿರುವರು. ಈ ಅಭಿಪ್ರಾಯವು ನಿಲ್ಲತಕ್ಕುದೇ ಎಂಬುದು ವಿಚಾರಾರ್ಹವಾಗಿದೆ.

ಐರಿಸ್ ಕನ್ನಡನಾಡಿನ ಕಾಡುಗಿಡವಲ್ಲ. ಮೈಸೂರಿನ ಹೂಟಗಳ್ಳಿಯ ಬಯಲಲ್ಲಾಗಲಿ ಸಹ್ಯಾದ್ರಿಯ ಮಲೆಗಳಲ್ಲಾಗಲಿ ಅದು ತಾನಾಗಿ ಬೆಳೆಯದು. ಹಿಮಾಲಯದ ದೇವದಾರು, ಪೈನ್ ಮರಗಳ ಕಾಡುಗಳೇ ಅದರ ಕೆಲವು ಜಾತಿಗಳಿಗೆ ನೆಲೆ. ಕುಲೂ ಪ್ರಾಂತದ ಒಂದು ಜಾತಿಯನ್ನು ಮೈಕೆಲ್ ಫಾಸ್ಟರನು 1883ರಲ್ಲಿ ‘ಐರಿಸ್ ಮೈಲ್ಸಿಯೈ’ ಎಂಬ ಹೆಸರಿನಿಂದ ವರ್ಣಿಸಿದನು. ಇದರ ಎಲೆಯು ಕತ್ತಿಯಂತೆ ನೀಳವಾದುದು. ಕನ್ನಡಿಗರ ಮನೆಗಳಲ್ಲಿ ಕೂಸುಗಳಿಗೆ ತೇಯ್ದು ನೆಕ್ಕಿಸುವ ಬಜೆಯ ಎಲೆಯನ್ನು ಹೋಲುವುದು.

ಅಮರಕೋಶವು ಪುಷ್ಕರಮೂಲಕ್ಕೆ ಪುಷ್ಕರ, ಕಾಶ್ಮೀರ, ಪದ್ಮಪತ್ರ ಎಂಬ ಹೆಸರುಗಳನ್ನು ಹೇಳುವುದು. ಇವುಗಳಲ್ಲಿ ‘ಕಾಶ್ಮೀರ’ವು ಹುಟ್ಟಿದ ನಾಡನ್ನು ಮಾತ್ರ ಸೂಚಿಸುವುದು. ಅದೇ ಕೋಶದಲ್ಲಿ ಕುಂಕುಮಕೇಸರಿಗೂ ‘ಕಾಶ್ಮೀರಜನ್ಮ’ವೆಂಬ ಹೆಸರಿರುವುದರಿಂದ ಇದೊಂದರಿಂದಲೇ ನಿರ್ಣಯವಾಗದು. ಆದರೆ ‘ಪದ್ಮಪತ್ರ’ವೆಂಬುದು ಎಲೆಯನ್ನು ಕುರಿತ ಮಾತು. ಕತ್ತಿಯಂಥ ಎಲೆಗೆ ಅದು ಸಲ್ಲದು. ಕಾಶ್ಮೀರ, ಲಡಾಖ್, ಲಾಹೌಲ್‌ಗಳಲ್ಲಿ ಬೆಳೆಯುವ ಅಗಲವಾದ ಎಲೆಯ ‘ಇನುಲಾ ರೆಸಿಮೋಸಾ’ಕ್ಕೆ ಒಪ್ಪುವುದು. ಭಾರತದ ಆಯುರ್ವೇದ ಔಷಧಕೋಶವು ಅಂಗೀಕರಿಸಿರುವುದೂ ಈ ಗಿಡವನ್ನೇ.

ಭ್ರಾಂತಿಗೆ ಕಾರಣವು ವ್ಯಾಪಾರದ ರೀತಿಯಲ್ಲಿ ಅಡಗಿರಬೇಕು. ದಕ್ಷಿಣದ ವೈದ್ಯರಿಗೆ ದೊರೆಯುತ್ತಿದ್ದುದು ಒಣಗಿದ ಬೇರು. ಎಲೆ ಹೂಗಳನ್ನು ಕಾಣುವ ಅವಕಾಶವಿರಲಿಲ್ಲ. ಐರಿಸ್ ಬೇರನ್ನು ಎರಡು ಮೂರು ವರ್ಷ ಒಣಗಿಸಿಟ್ಟರೆ ಅದಕ್ಕೂ ಸುಗಂಧವು ಬರುವುದು. ಗಂಧವೊಂದನ್ನೇ ಪ್ರಮಾಣವಾಗಿಟ್ಟುಕೊಂಡವರಿಗೆ ಒಂದನ್ನು ಮತ್ತೊಂದೆಂದು ಗ್ರಹಿಸುವುದು ಸುಲಭ. ಪುಷ್ಕರಮೂಲವು ದೊರೆಯದಾಗ ಕುಷ್ಠವನ್ನು ಬಳಸಬಹುದೆಂದು 16ನೆಯ ಶತಮಾನದ ಭಾವಪ್ರಕಾಶವು ವಿಧಿಸಿರುವುದರಿಂದ, ಆ ವೇಳೆಗೇ ಅದು ದುರ್ಲಭವಾಗಿತ್ತೆಂದು ಊಹಿಸಬಹುದು.

ಕೀರ್ತಿವರ್ಮನ ಗೋವೈದ್ಯ, ಮಂಗರಾಜನ ಖಗೇಂದ್ರಮಣಿದರ್ಪಣ ಮೊದಲಾದ ಕನ್ನಡ ವೈದ್ಯಗ್ರಂಥಗಳಿಗೆ ಅರ್ಥಕೋಶವನ್ನು ರಚಿಸುವವರು ಇದನ್ನು ಗಮನಿಸತಕ್ಕುದು. ಕಾವ್ಯದಲ್ಲಿ ಒಂದು ಹೂವಿನ ಹೆಸರು ತಪ್ಪಿದರೆ ಸ್ವಾರಸ್ಯವು ಕೆಡುವುದು. ವೈದ್ಯದಲ್ಲಿ ಬೇರಿನ ಹೆಸರು ತಪ್ಪಿದರೆ ರೋಗಿಗೆ ಬೇರೆಯ ದ್ರವ್ಯವೇ ಸಲ್ಲುವುದು. ಆದುದರಿಂದ ಪದಕ್ಕೆ ಅರ್ಥವನ್ನು ಬರೆಯುವ ಮುನ್ನ ಪ್ರಾಚೀನರು ಕೊಟ್ಟ ಪರ್ಯಾಯನಾಮಗಳನ್ನೂ ಗಿಡದ ಅಂಗಗಳನ್ನೂ ಸರಿಹೋಲಿಸಿ ನೋಡುವುದು ಅವಶ್ಯಕ.